ತೀರದ ಮುಯ್ಯಿ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಳೆಯ ನೋಟುಬುಕ್ಕಿದೆ. ಅಕ್ಕನ ಮದುವೆಯ ಮುಯ್ಯಿ ಬರೆದ ಪುಸ್ತಕ. ಮೊದಲ ಹಾಳೆಯ ನೆತ್ತಿಯಲ್ಲಿ ಅರಿಸಿನ-ಕುಂಕುಮದ ಗುರುತು, ಅದರ ಕೆಳಗೆ ಶ್ರೀಕಾರ, ಆಮೇಲೆ ಗೀಟು ಎಳೆದು ಹೆಸರು, ಊರು, ಮುಯ್ಯಿ ಎಂದು ಮೂರು ಮನೆ. ಹನ್ನೊಂದು ರೂಪಾಯಿ, ಇಪ್ಪತ್ತೊಂದು ರೂಪಾಯಿ, ಒಂದು ಖಣ, ಒಂದು ಸ್ಟೀಲಿನ ತಂಬಿಗೆ. ನಡುನಡುವೆ ರೊಕ್ಕವೂ ಅಲ್ಲದ, ವಸ್ತುವೂ ಅಲ್ಲದ ಸಾಲುಗಳಿವೆ: ‘ಎರಡು ದಿನ ಅಡಿಗಿ ಮನಿ’, ‘ಹಂದರದ ಗಳ ತಂದವರು’, ‘ರಾತ್ರಿಯೆಲ್ಲ ಎಲಿ ಒರೆಸಿದರು’. ಬರೆದವರು ನಮ್ಮ ಸೋದರಮಾವ. ದುಡಿಮೆಯನ್ನೂ ದುಡ್ಡಿನ ಸಾಲಿನಲ್ಲೇ ಬರೆದಿಟ್ಟ ಅವರ ನ್ಯಾಯ ನನಗೆ ಈಗೀಗ ಅರ್ಥವಾಗುತ್ತಿದೆ. ಊರು ಬಿಟ್ಟು ಮುಂಬಯಿ ಹತ್ತಿರದ ಬದಲಾಪುರಕ್ಕೆ ಬಂದಾಗ ಆ ಪುಸ್ತಕವೂ ಟ್ರಂಕಿನಲ್ಲಿ ಬಂತು. ಯಾರದಾದರೂ ಲಗ್ನಪತ್ರಿಕೆ ಬಂದರೆ ಅವ್ವ ಅದನ್ನು ತೆಗೆದು ಬೆರಳಿಟ್ಟು ಹುಡುಕುತ್ತಿದ್ದಳು. ‘ಇವರದೊಂದು ಮುಯ್ಯಿ ಐತಿ ನಮ್ಮ ಮ್ಯಾಲ’ ಎನ್ನುತ್ತಿದ್ದಳು.

ಉಡುಗೊರೆಯೇ ಬೇರೆ, ಮುಯ್ಯಿಯೇ ಬೇರೆ. ಉಡುಗೊರೆಯನ್ನು ಪಡೆದವನು ಮರೆತರೂ ನಡೆದೀತು, ಮುಯ್ಯಿಯನ್ನು ಮರೆಯುವಂತಿಲ್ಲ. ಹೊಲದ ಕಡೆ ಮುಯ್ಯಾಳು ಅನ್ನುವುದೂ ಇದನ್ನೇ: ಇವತ್ತು ನನ್ನ ಹೊಲದ ಕಳೆಗೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಬಂದವನ ನಡೆ ಎಂಥದು, ಒಲವು ಯಾರ ಮೇಲೆ ಎಂದು ವಿಚಾರಿಸಿ ಮುಯ್ಯಿ ತೀರಿಸುವ ರೂಢಿ ನಮ್ಮಲ್ಲಿ ಎಲ್ಲೂ ಇಲ್ಲ. ಅವನು ಬಂದಿದ್ದ, ದುಡಿದಿದ್ದ. ಲೆಕ್ಕಕ್ಕೆ ಅಷ್ಟು ಸಾಕು.

ಈಗ ನಮ್ಮ ಬಳಗವನ್ನೊಮ್ಮೆ ನೆನೆಯೋಣ. ಎಲ್ಲರ ಬಳಗದಲ್ಲೂ ಅಂಥ ಒಬ್ಬ ಹುಡುಗ ಇರುತ್ತಾನೆ, ಒಬ್ಬಳು ಹುಡುಗಿ ಇರುತ್ತಾಳೆ. ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಹೋಗುವವರು. ಡೊಂಬಿವಲಿಯಿಂದ ಕುರ್ಚಿಯ ಟೆಂಪೊ ಬಂತೇ ಎಂದು ನೋಡುವವರು, ಪಂಕ್ತಿಯಲ್ಲಿ ಸಾರಿನ ಬಕೆಟ್ಟು ಹಿಡಿಯುವವರು, ಮದುಮಗಳ ಸೆರಗಿಗೆ ಪಿನ್ನು ಚುಚ್ಚುವವರು, ಅಜ್ಜಿಯನ್ನು ಕೈಹಿಡಿದು ಬದಲಾಪುರ ಸ್ಟೇಷನ್ನಿನ ಮೆಟ್ಟಿಲು ಇಳಿಸಿ ರಿಕ್ಷಾ ಹತ್ತಿಸುವವರು. ಅವರಿಗೆ ಪ್ರತಿ ಮದುವೆಯಲ್ಲೂ ಸಿಗುವ ಪ್ರಶ್ನೆ ಒಂದೇ: ‘ನಿನ್ನ ಊಟ ಯಾವಾಗ ಹಾಕಸ್ತಿ?’ ನಕ್ಕು ಸುಮ್ಮನಾಗುತ್ತಾರೆ. ಇಪ್ಪತ್ತೈದರಲ್ಲಿ ನಗುತ್ತಾರೆ, ಮೂವತ್ತೈದರಲ್ಲಿ ಮದುವೆಗಳಿಗೆ ಬರುವುದನ್ನೇ ನಿಲ್ಲಿಸುತ್ತಾರೆ. ಅವರು ಒಲಿದಿದ್ದು ತಮ್ಮಂಥದೇ ಗಂಡನ್ನು, ತಮ್ಮಂಥದೇ ಹೆಣ್ಣನ್ನು. ಅದನ್ನು ಹೇಳಿಕೊಳ್ಳುವ ಜಾಗ ಆ ಹಂದರದಲ್ಲಿ ಇರಲಿಲ್ಲ.

ಅಂಥವರು ಒಂದು ದಿನ ಗಟ್ಟಿ ಮನಸ್ಸು ಮಾಡಿ, ‘ನಾವಿಬ್ಬರೂ ಜತೆಗಿರುತ್ತೇವೆ, ಒಂದು ಸಂಜೆ ಊಟ ಇಟ್ಟುಕೊಂಡಿದ್ದೇವೆ, ಬಂದು ಸ್ವಲ್ಪ ಕೈ ಹಚ್ಚಿ’ ಎಂದು ಕೇಳಿದರೆ ನಾವು ಏನು ಮಾಡಬೇಕು? ವಿಚಾರವಂತರು ಹೋಗುವುದು ಉದಾರತೆ ಎನ್ನುತ್ತಾರೆ. ಸಂಪ್ರದಾಯಸ್ಥರು ಹೋದರೆ ಒಪ್ಪಿದಂತಾಗುತ್ತದೆ ಎಂದು ಹಿಂಜರಿಯುತ್ತಾರೆ. ಎರಡೂ ಕಡೆಯವರು ಲೆಕ್ಕದ ಪುಸ್ತಕ ತೆಗೆದು ನೋಡಿಲ್ಲ ಎಂದು ನನ್ನ ಭಾವನೆ. ವರ್ಷಗಟ್ಟಲೆ ನಮ್ಮ ಮನೆಗಳ ಮದುವೆಯಲ್ಲಿ ದುಡಿದವರಿಗೆ ಅದು ನಾವು ತೀರಿಸಬೇಕಾದ ಮುಯ್ಯಿ.

ರಿಸೆಪ್ಶನ್ನಿಗೆ ಕನ್ನಡದಲ್ಲಿ ಆರತಕ್ಷತೆ ಎಂಬ ಚೆಲುವಾದ ಮಾತಿದೆ. ಆರತಿ, ಅಕ್ಷತೆ ಎರಡೂ ಸೇರಿ ಆದದ್ದು. ತನ್ನ ಆರತಿಯನ್ನು ತಾನೇ ಎತ್ತಿಕೊಳ್ಳಲು ಯಾರಿಗೂ ಬರುವುದಿಲ್ಲ, ತನ್ನ ತಲೆಗೆ ತಾನೇ ಅಕ್ಕಿಕಾಳು ಹಾಕಿಕೊಂಡರೆ ಅದು ಅಕ್ಷತೆಯಾಗುವುದಿಲ್ಲ. ಇಬ್ಬರ ಒಲವಿಗೆ ಮೂರನೆಯವರು ಬೇಕಾಗಿಲ್ಲ, ಆರತಕ್ಷತೆಗೆ ಮಾತ್ರ ಬೇಕೇ ಬೇಕು. ಆ ಸಂಜೆ ಇಡೀ ಉಳಿದವರ ಕೈಯಲ್ಲಿರುತ್ತದೆ. ಹಾಗಾಗಿಯೇ ಬಂಧುಬಳಗ ಬಾರದ ಆರತಕ್ಷತೆ ಅಷ್ಟು ನೋಯಿಸುತ್ತದೆ. ತಮ್ಮ ಪಾಲಿನದನ್ನೆಲ್ಲ ಇಬ್ಬರೂ ಮಾಡಿ ಮುಗಿಸಿರುತ್ತಾರೆ, ಉಳಿದದ್ದು ನಮ್ಮ ಪಾಲಿನದು.

ಕಾನೂನು ಇನ್ನೂ ಒಪ್ಪಿಲ್ಲವಲ್ಲ, ಇದು ಎಂಥ ಮದುವೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ದಂಡ ಸಂಹಿತೆಯ 377ನೇ ಕಲಮನ್ನು ಮೊಟಕುಗೊಳಿಸಿ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಹೈದರಾಬಾದಿನ ಸುಪ್ರಿಯೊ ಚಕ್ರವರ್ತಿ ಮತ್ತು ಅಭಯ್ ಡಾಂಗ್ 2021ರ ಡಿಸೆಂಬರಿನಲ್ಲಿ ಮನೆಯವರು, ಗೆಳೆಯರ ನಡುವೆ ಸಮಾರಂಭ ಮಾಡಿಕೊಂಡರು. ಮರುವರ್ಷ ಮದುವೆಯ ಹಕ್ಕು ಕೇಳಿ ಕೋರ್ಟಿನ ಮೆಟ್ಟಿಲು ಹತ್ತಿದರು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಸಣ್ಣ ಬಾಗಿಲು ತೆರೆಯಿತು: ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ರೇಷನ್ ಕಾರ್ಡಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಗಂಡ-ಹೆಂಡಿರಿಗೆ ಕೇಳದೆಯೇ ಸಿಗುವ ಉಳಿದದ್ದೆಲ್ಲ ಇನ್ನೂ ದೂರ.

ಆದರೆ ಒಂದು ಸಂಜೆ ಹಾಲ್ ಹಿಡಿದು ದೀಪ ಹಚ್ಚಿ ಊಟ ಹಾಕುವುದಕ್ಕೆ ಈ ದೇಶದ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅಡ್ಡ ಬರುವವರು ನಾವು. ಸ್ಪೆಷಲ್ ಮ್ಯಾರೇಜ್ ಆಕ್ಟಿನಲ್ಲಿ ಮದುವೆಯಾಗುವವರ ಪತ್ರಕ್ಕೆ ಮೂವರು ಸಾಕ್ಷಿಗಳ ಸಹಿ ಬೇಕು. ರಿಜಿಸ್ಟ್ರಾರರ ಕಚೇರಿ ಒಳಗೆ ಬಿಟ್ಟುಕೊಳ್ಳದ ಜೋಡಿಗೆ ಸಹಿ ಹಾಕುವ ಸಾಕ್ಷಿಯಿಲ್ಲ, ಕುರ್ಚಿ ಹಾಕುವ ಸಾಕ್ಷಿಯಾದರೂ ಇರಬೇಡವೇ? ನಾಳೆ ಒಬ್ಬರು ಆಸ್ಪತ್ರೆ ಸೇರಿದಾಗ, ಮನೆ ಬಾಡಿಗೆಗೆ ಕೇಳಿದಾಗ, ‘ಇವರಿಬ್ಬರೂ ಒಂದು ಸಂಸಾರ, ನಾವು ಕಣ್ಣಾರೆ ಕಂಡಿದ್ದೇವೆ’ ಎಂದು ಹೇಳಬಲ್ಲವರು ಆ ಸಂಜೆ ಬಂದು ದುಡಿದವರು ಮಾತ್ರ.

ಮುಯ್ಯಿಯ ವಿಷಯದಲ್ಲಂತೂ ಕಾನೂನು ನೇರವಾಗಿಯೇ ಇವರನ್ನು ತಡೆದು ನಿಲ್ಲಿಸುತ್ತದೆ. ಆದಾಯ ತೆರಿಗೆಯ ನಿಯಮದಂತೆ ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಬಂದರೆ ತೆರಿಗೆ ಕಟ್ಟಬೇಕು, ಮದುವೆಯಲ್ಲಿ ಬಂದದ್ದಕ್ಕೆ ವಿನಾಯಿತಿ. ಮದುವೆಯೆಂದೇ ಒಪ್ಪದ ಮೇಲೆ ಸಲಿಂಗ ಜೋಡಿ ಆ ವಿನಾಯಿತಿಯನ್ನು ಹೇಗೆ ಕೇಳೀತು? ಗಂಡ-ಹೆಂಡಿರು ಒಬ್ಬರಿಗೊಬ್ಬರು ಏನು ಕೊಟ್ಟರೂ ತೆರಿಗೆಯಿಲ್ಲ, ಇವರು ಒಬ್ಬರಿಗೊಬ್ಬರು ಕೊಟ್ಟರೆ ಹೊರಗಿನವರು ಕೊಟ್ಟ ಲೆಕ್ಕ. ಈ ಭೇದವನ್ನು ಪ್ರಶ್ನಿಸಿ 2025ರಲ್ಲಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಯಿತು. ನಮ್ಮ ಮಾವನ ನೋಟುಬುಕ್ಕಿನಲ್ಲಿ ಎಲ್ಲರ ಹೆಸರೂ ಒಂದೇ ಗೀಟಿನ ಒಳಗಿತ್ತು. ಸರ್ಕಾರದ ಪುಸ್ತಕದಲ್ಲಿ ಇವರಿಗೆ ಇನ್ನೂ ಗೀಟು ಎಳೆದಿಲ್ಲ.

ಕಾನೂನು ಬಂದಮೇಲೆ ನೋಡೋಣ ಎನ್ನುವವರಿಗೆ ನಾನು ಹೇಳುವುದು ಇಷ್ಟು: ಈ ನಾಡಿನಲ್ಲಿ ಹೊಸ ಬಗೆಯ ಮದುವೆಗಳು ಕಾನೂನಿಗೆ ಕಾಯದೆಯೂ ಹುಟ್ಟಿವೆ. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗಳು ತಮಿಳುನಾಡಿನಲ್ಲಿ ಊರೂರಲ್ಲಿ ನಡೆಯುತ್ತಿದ್ದಾಗ, 1950ರ ದಶಕದಲ್ಲಿ ಮದ್ರಾಸ್ ಹೈಕೋರ್ಟು ಅವು ಕಾನೂನಿನ ಪ್ರಕಾರ ಮದುವೆಯಲ್ಲ ಎಂದಿತ್ತು. ಜನ ಹಂದರ ಹಾಕುವುದನ್ನು ಬಿಡಲಿಲ್ಲ. 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾಯ್ದೆ ತಿದ್ದಿ, ಹಿಂದೆ ಆದವನ್ನೂ ಸೇರಿಸಿ ಅವಕ್ಕೆಲ್ಲ ಮಾನ್ಯತೆ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1966ರಲ್ಲಿ, ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿಸಿದ್ದರು. ಇವತ್ತು ಮಂತ್ರಮಾಂಗಲ್ಯ ಎಂದರೆ ಕನ್ನಡಿಗರು ಹೆಮ್ಮೆಪಡುತ್ತಾರೆ.

ಬದಲಾಪುರದಿಂದ ಮುಂಬಯಿಗೆ ಹೊರಟ ಲೋಕಲ್ ಕಲ್ಯಾಣವನ್ನು ದಾಟಿಯೇ ಹೋಗಬೇಕು. ಆ ಸ್ಟೇಷನ್ನಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕನ್ನಡಿಗನಿಗೆ ಇನ್ನೊಂದು ಕಲ್ಯಾಣ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅರಸ ಬಿಜ್ಜಳ ಆ ಇಬ್ಬರು ತಂದೆಯರನ್ನು ಕೊಲ್ಲಿಸಿದ ಎಂದು ಪರಂಪರೆ ಹೇಳುತ್ತದೆ. ಶಿಕ್ಷೆಯಾದದ್ದು ಆ ಮದುವೆಯನ್ನು ಮಾಡಿಕೊಟ್ಟವರಿಗೆ ಎಂಬುದನ್ನು ಗಮನಿಸಬೇಕು. ಮಾಡಿಕೊಡುವವರು ಇಲ್ಲದಿದ್ದರೆ ಆಳುವವರಿಗೆ ಭಯವೇನೂ ಇರಲಿಲ್ಲ. ಇಂದು ಹರಳಯ್ಯ ನಮ್ಮ ಶರಣ. ಅವನ ಮನೆಯ ಮದುವೆಗೆ ಹೋಗಿ ನಿಂತವರನ್ನು ನಾವು ಶರಣರು ಎನ್ನುತ್ತೇವೆ. ಆ ದಿನ ಬಾಗಿಲು ಹಾಕಿಕೊಂಡವರ ಹೆಸರು ಯಾರಿಗೂ ನೆನಪಿಲ್ಲ.

ಸಂಸ್ಕೃತಿಯ ಮಾತಿಗೂ ಬರೋಣ. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೊಡಗು ಮೂಲದ ಒಬ್ಬರು ತಮ್ಮ ಗಂಡು ಸಂಗಾತಿಯನ್ನು ಮದುವೆಯಾದರು. ಅಲ್ಲಿ ಅದು ಕಾನೂನುಬದ್ಧ. ಇಬ್ಬರೂ ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ ತೊಟ್ಟಿದ್ದರು. ಚಿತ್ರಗಳು ಊರು ತಲುಪಿದಾಗ ಮಡಿಕೇರಿಯ ಕೊಡವ ಸಮಾಜ ಆಕ್ಷೇಪಿಸಿತು, ಕೊಡವ ಉಡುಪಿಗೆ, ಪದ್ಧತಿಗೆ ಅಪಚಾರವಾಯಿತು ಎಂದಿತು. ಆ ಹಿರಿಯರ ನೋವನ್ನು ನಾನು ಸುಳ್ಳೆನ್ನುವುದಿಲ್ಲ. ಸಣ್ಣ ಜನಾಂಗ, ತನ್ನದೆಂಬುದನ್ನು ಜೋಪಾನ ಮಾಡುವ ಆತಂಕ ಅದಕ್ಕೆ ಸಹಜ. ಆದರೆ ಆ ಮದುಮಗನ ಕಡೆಯಿಂದ ನೋಡಿ. ಸಾವಿರಾರು ಮೈಲಿ ದೂರದಲ್ಲಿ, ಯಾವ ಉಡುಪನ್ನು ಬೇಕಾದರೂ ತೊಡಬಹುದಾದ ದೇಶದಲ್ಲಿ, ತನ್ನ ಬದುಕಿನ ದೊಡ್ಡ ದಿನಕ್ಕೆ ಆತ ಆರಿಸಿಕೊಂಡದ್ದು ತಾತ-ಮುತ್ತಾತರು ತೊಟ್ಟ ಕುಪ್ಯವನ್ನು. ಪದ್ಧತಿಯನ್ನು ಬಿಟ್ಟು ಓಡುವವನು ಹೀಗೆ ಮಾಡುವುದಿಲ್ಲ. ಕೊಡವರ ಮದುವೆಗೆ ಪುರೋಹಿತರೂ ಬೇಕಿಲ್ಲ. ಮುಹೂರ್ತಕ್ಕೆ ಕೂತವರ ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎಂಬ ಕೊಕ್ಕಿನ ಪಾತ್ರೆಯಿಂದ ಹಾಲು ಕುಡಿಸಿ, ಕೈಗೆ ನಾಣ್ಯ ಕೊಟ್ಟು ಹರಸುವವರು ನೆಂಟರಿಷ್ಟರು. ಇಡೀ ಮದುವೆಯೇ ಬಂದವರ ಕೈಯಲ್ಲಿ ನಡೆಯುವ ಪದ್ಧತಿ ಅದು. ಅಷ್ಟು ಚೆಂದದ ರೀತಿಯನ್ನು ಉಳಿಸುವುದೆಂದರೆ ಇನ್ನೊಂದು ಜೋಡಿಯ ಮೇಲೂ ಆ ಅಕ್ಕಿ ಬೀಳುವಂತೆ ಮಾಡುವುದು ಎಂದೇ ನನಗೆ ತೋರುತ್ತದೆ.

2023ರ ವಿಚಾರಣೆಯ ಹೊತ್ತಿಗೆ ಕೇಂದ್ರ ಸರ್ಕಾರ, ಇದು ನಗರದ ಮೇಲ್ವರ್ಗದವರ ಬೇಡಿಕೆ ಎಂಬರ್ಥದ ಮಾತನ್ನು ಕೋರ್ಟಿನ ಮುಂದಿಟ್ಟಿತ್ತು. ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರು ತಮ್ಮ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿದರು. ಬದಲಾಪುರದಲ್ಲಿರುವ ನನಗೆ ಆ ಮಾತು ಬಹಳ ಚುಚ್ಚಿತು. ದಾದರಿನಲ್ಲಿ, ಠಾಣೆಯಲ್ಲಿ ಬಾಡಿಗೆ ಕೊಡಲಾಗದವರು ಬಂದು ಸೇರುವ ಊರು ಇದು. ಬೆಳಿಗ್ಗೆ ಲೋಕಲ್ಲಿನ ಬಾಗಿಲಲ್ಲಿ ಜೋತುಬಿದ್ದು ಹೋಗಿ ರಾತ್ರಿ ಹಾಗೇ ಮರಳುವವರ ಊರು. ಅವರಲ್ಲಿ ತಮ್ಮ ಒಲವನ್ನು ಬಚ್ಚಿಟ್ಟುಕೊಂಡು ಓಡಾಡುವವರು ಇಲ್ಲವೆಂದು ಯಾರು ಹೇಳಬಲ್ಲರು? ಇದೇ ಮಹಾರಾಷ್ಟ್ರದ ಯವತ್ಮಾಳದಲ್ಲಿ, ಹತ್ತಿಯ ಸೀಮೆಯ ಸಣ್ಣ ಊರಿನಲ್ಲಿ, 2017ರ ಡಿಸೆಂಬರ್ ಕೊನೆಗೆ ಇಬ್ಬರು ಗಂಡಸರು ಮನೆಯವರ, ಗೆಳೆಯರ ಎದುರು ಸಮಾರಂಭ ಮಾಡಿಕೊಂಡರು. ಆಗ 377ನೇ ಕಲಮು ಇನ್ನೂ ಜಾರಿಯಲ್ಲಿತ್ತು. ಕನ್ನಡ ಓದುಗರಿಗೂ ಈ ಬದುಕು ಹೊಸದಲ್ಲ, ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂದು ಮನೆಮನೆ ತಲುಪಿದೆ. ಕಥೆ ಓದಿ ಕಣ್ಣೊರೆಸಿಕೊಂಡ ನಾವು ಅಂಥವನ ಮನೆಯ ಕರೆಯೋಲೆಗೆ ಏನು ಉತ್ತರ ಕೊಡುತ್ತೇವೆ ಎಂಬುದು ಉಳಿದ ಪ್ರಶ್ನೆ.

ಮನೆಯವರು ಬಾರದೆ ಗೆಳೆಯರೇ ಎಲ್ಲ ಮಾಡಿದರೆ ಅದೂ ಒಂದು ಮದುವೆಯೇ ಎಂದು ಮೂಗು ಮುರಿಯುವವರಿಗೆ ಮುಂಬಯಿ ಕನ್ನಡಿಗರ ಚರಿತ್ರೆಯನ್ನು ನೆನಪಿಸಬೇಕು. ಈ ಮಹಾನಗರಕ್ಕೆ ಹನ್ನೆರಡು-ಹದಿಮೂರರ ಪ್ರಾಯದಲ್ಲಿ ಬಂದು ಹೋಟೆಲಿನ ಮೇಜು ಒರೆಸಿದ ಹುಡುಗರಿಗೆ ಇಲ್ಲಿ ಯಾವ ಬಂಧು ಇದ್ದ? ಒಂದೇ ಖೋಲಿಯಲ್ಲಿ ಸರದಿಯ ಮೇಲೆ ಮಲಗಿದವನೇ ಅಣ್ಣ, ಜ್ವರ ಬಂದಾಗ ಗಂಜಿ ಕೊಟ್ಟವಳೇ ಅಕ್ಕ. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ, ಇನ್ನೂ ಮೊದಲು 1902ರಲ್ಲೇ ಮೊಗವೀರರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು ಊರು ಬಿಟ್ಟವರಿಗೆ ಒಂದು ಬಳಗ ಬೇಕಾಗಿದ್ದರಿಂದ. ಊರಿಂದ ಅಪ್ಪ-ಅಮ್ಮ ಬರಲಾಗದಾಗ ಧಾರೆಗೆ ನಿಂತವರು ಎಷ್ಟು ಜನ ಇದ್ದಾರು ಇಲ್ಲಿ! ರಕ್ತ ಹಂಚಿಕೊಳ್ಳದವರೂ ಸಂಸಾರವಾಗುತ್ತಾರೆ ಎಂಬುದನ್ನು ನಾವು ಬದುಕಿ ತೋರಿಸಿದ್ದೇವೆ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ, ಸಂಸಾರ ಕಟ್ಟಲು ಮದುವೆಯೊಂದೇ ದಾರಿಯಲ್ಲ, ಆಯ್ದುಕೊಂಡ ಕುಟುಂಬವೂ ಕುಟುಂಬವೇ ಎಂದು ಹೇಳಿತು. ಓದಿದಾಗ ಇದು ನಮ್ಮ ಹಿರಿಯರ ಖೋಲಿಗಳ ಮಾತಲ್ಲವೇ ಅನ್ನಿಸಿತು.

ಹಾಗೆಂದು ಹೆತ್ತವರ ಜಾಗವನ್ನು ಯಾರೂ ತುಂಬಲಾರರು. ಅವರ ಸಂಕಟ ನಿಜವಾದದ್ದು. ಮಗನ ಮೇಲಿನ ಪ್ರೀತಿ ಒಂದು ಕಡೆ, ಬಿಲ್ಡಿಂಗಿನವರು, ಬೀಗರು, ಊರಿನವರು ಏನಂದಾರು ಎಂಬ ಹೆದರಿಕೆ ಇನ್ನೊಂದು ಕಡೆ. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿರುವ ನಿರ್ದೇಶಕ ಶ್ರೀಧರ್ ರಂಗಾಯನ್ ಅವರ ‘ಈವನಿಂಗ್ ಶ್ಯಾಡೋಸ್’ ಚಿತ್ರ ಇಂಥ ತಾಯಿಯೊಬ್ಬಳನ್ನೇ ನಡುವೆ ಇಟ್ಟುಕೊಂಡಿದೆ. ಮಕ್ಕಳನ್ನು ಒಪ್ಪಿದ ಹೆತ್ತವರು 2017ರಲ್ಲಿ ‘ಸ್ವೀಕಾರ್’ ಎಂಬ ಬಳಗ ಕಟ್ಟಿಕೊಂಡರು. 2023ರ ಏಪ್ರಿಲಿನಲ್ಲಿ ಅವರಲ್ಲಿ 400ಕ್ಕೂ ಹೆಚ್ಚು ಮಂದಿ, ನಮ್ಮ ಮಕ್ಕಳ ಮದುವೆ ಕಾನೂನುಬದ್ಧವಾಗುವುದನ್ನು ನೋಡಬೇಕು ಎಂದು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆ ನಾನೂರು ಮಂದಿಯೂ ಒಂದೇ ದಿನದಲ್ಲಿ ಅಲ್ಲಿಗೆ ತಲುಪಿದವರಲ್ಲ. ಮನಸ್ಸು ಒಪ್ಪಿದ ಮೇಲೆಯೇ ಬರುತ್ತೇನೆ ಎಂದು ಕೂತವರಿಗೆ ನನ್ನದೊಂದು ಮಾತು: ಮನಸ್ಸು ಹಿಂದೆ ಉಳಿದರೆ ಉಳಿಯಲಿ, ಕೈ ಮೊದಲು ಹೋಗಲಿ. ಹೋಳಿಗೆ ಲಟ್ಟಿಸಲು ಕೂತ ಚಿಕ್ಕಮ್ಮನಿಗೆ ಸಲಿಂಗ ಪ್ರೀತಿಯ ತತ್ವ ಅರ್ಥವಾಗಬೇಕಿಲ್ಲ. ನಾಲ್ಕನೆಯ ಹೋಳಿಗೆಯ ಹೊತ್ತಿಗೆ ಅವಳು ‘ಆ ಇನ್ನೊಂದು ಹುಡುಗನಿಗೆ ಸಿಹಿ ಸೇರುತ್ತದೋ ಇಲ್ಲವೋ’ ಎಂದು ಕೇಳಿದರೆ, ಚರ್ಚೆಯಲ್ಲಿ ಆಗದ್ದು ಅಲ್ಲಿ ಆಗಿರುತ್ತದೆ. ನಮ್ಮ ಮನೆಗಳಲ್ಲಿ ಬೇರೆ ಜಾತಿಯ ಸೊಸೆಯಂದಿರು ಒಳಗೆ ಬಂದದ್ದು ಹೆಚ್ಚಾಗಿ ಅಡುಗೆಮನೆಯ ದಾರಿಯಿಂದಲೇ.

ಸಹಾಯ ಮಾಡಲು ಹೋಗುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಹಾಲಿನ ಬಾಗಿಲಲ್ಲಿ ಹಲಗೆಗೆ ಹೂ ಚುಚ್ಚಿ ಎರಡು ಹೆಸರು ಬರೆಯುತ್ತಾರಲ್ಲ, ಆ ಹಲಗೆಯನ್ನು ನೋಡಿ. ಬೇರೆಲ್ಲ ಮದುವೆಯಲ್ಲಿ ಅದು ಬರೀ ಅಲಂಕಾರ. ಇಲ್ಲಿ ಎರಡು ಗಂಡು ಹೆಸರು, ಇಲ್ಲವೇ ಎರಡು ಹೆಣ್ಣು ಹೆಸರು ಅಕ್ಕಪಕ್ಕ ಬಂದರೆ ಬೀದಿಯವರೆಲ್ಲ ಓದುತ್ತಾರೆ. ಹಾಲಿನ ಮಾಲೀಕ ಕೊನೆಯ ಗಳಿಗೆಯಲ್ಲಿ ಆಗುವುದಿಲ್ಲ ಎನ್ನಬಹುದು. ಕೆಲಸದ ಜಾಗದಲ್ಲಿ ಇನ್ನೂ ಹೇಳಿಕೊಳ್ಳದವರು ಇರಬಹುದು. ಹೆಸರು ಪೂರ್ತಿ ಬರೆಯಬೇಕೋ, ಮೊದಲ ಅಕ್ಷರ ಸಾಕೋ, ಹಲಗೆಯನ್ನು ಬಾಗಿಲ ಹೊರಗೆ ಇಡಬೇಕೋ ಒಳಗೆ ಇಡಬೇಕೋ ಎಂಬುದು ಅವರಿಬ್ಬರ ತೀರ್ಮಾನ. ನಮ್ಮ ವಿಚಾರವಂತಿಕೆಯನ್ನು ತೋರಿಸಿಕೊಳ್ಳಲು ಕೇಳದೆ ಅವರ ಫೋಟೊ ಎಲ್ಲರಿಗೂ ಕಳಿಸುವುದು ಸಹಾಯವಲ್ಲ, ದ್ರೋಹ. ಮಾಲೀಕನ ಹತ್ತಿರ ಮುಂಚೆಯೇ ಕೂತು ಮಾತಾಡಿ, ಬಾಗಿಲ ಹತ್ತಿರ ಇಬ್ಬರು ಹಿರಿಯರು ಕುರ್ಚಿ ಹಾಕಿ ಕೂತರೆ ಅದು ನಿಜವಾದ ಆಸರೆ. ಬಿಳಿಗೂದಲಿನ ಇಬ್ಬರು ಅಲ್ಲಿ ಕೂತಿದ್ದರೆ ಕೆಣಕಲು ಬಂದವರೂ ಹಿಂದೆಗೆಯುತ್ತಾರೆ.

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳವರಿಗೆ ನನ್ನ ವಿನಂತಿ ಇದೆ. ನಿಮ್ಮ ಸಭಾಗೃಹಗಳಲ್ಲಿ ವರಾನ್ವೇಷಣೆ, ಅರಿಸಿನ-ಕುಂಕುಮ, ಬೆಳ್ಳಿಹಬ್ಬ ಎಲ್ಲ ನಡೆಯುತ್ತವೆ. ಆ ಕಾರ್ಯಕ್ರಮಗಳಿಗೆ ಕುರ್ಚಿ ಜೋಡಿಸಿದ, ಮೈಕು ಹಿಡಿದ, ನಾಟಕಕ್ಕೆ ಬಣ್ಣ ಹಚ್ಚಿದ ಯಾರೋ ಒಬ್ಬರು ಒಂದು ದಿನ ಬಂದು ಹಾಲ್ ಕೇಳಬಹುದು. ಕೊಡಿ. ಓದುಗರಿಗೂ ಇದನ್ನೇ ಹೇಳುತ್ತೇನೆ. ನಿಮ್ಮ ಮದುವೆಯ ಹಳೆಯ ಆಲ್ಬಮ್ಮನ್ನು ಇಂದು ರಾತ್ರಿ ತೆರೆದು ನೋಡಿ. ಎಲ್ಲ ಚಿತ್ರಗಳ ಅಂಚಿನಲ್ಲಿ, ಅರ್ಧ ಮುಖ ಕತ್ತರಿಸಿಹೋಗಿ, ಕೈಯಲ್ಲಿ ಬಕೆಟ್ಟೋ ಹೂವಿನ ಬುಟ್ಟಿಯೋ ಹಿಡಿದು ನಿಂತ ಒಬ್ಬರು ಇದ್ದೇ ಇರುತ್ತಾರೆ. ಅವರು ಈಗ ಎಲ್ಲಿದ್ದಾರೆ, ಯಾರ ಜತೆಗಿದ್ದಾರೆ ಎಂದು ಫೋನು ಮಾಡಿ ವಿಚಾರಿಸಿ. ಅವರ ಮನೆಯಲ್ಲೂ ಒಂದು ಸಂಜೆಯ ಊಟ ಇದ್ದರೆ ಕರೆಯಲಿ ಎಂದು ಕಾಯಬೇಡಿ, ಹೂವು ನನ್ನದು ಎಂದು ಹೇಳಿ. ಬದಲಾಪುರದವರು ಹೂವಿಗೆ ಕಲ್ಯಾಣಕ್ಕೆ ಹೋಗಬೇಕು. ನಸುಕಿನ ಲೋಕಲ್ ಹಿಡಿದರೆ ಬರುವಾಗ ಲಗೇಜ್ ಡಬ್ಬಿಯಲ್ಲಿ ಎರಡು ಬುಟ್ಟಿಗೆ ಜಾಗ ಸಿಗುತ್ತದೆ.